ಗುಡ್ಡೆ ಮೇಲಿನ ಲೇಔಟ್ ರಿವ್ಯೂ: ವ್ಯೂ ಫಸ್ಟ್‌ಕ್ಲಾಸ್, ರಸ್ತೆ ಯಾರದ್ದು ಮಾರಾಯ್ರೆ?

ಐದಕ್ಕೆ ಎರಡು ಸ್ಟಾರ್ ಕೊಡ್ತಾ ಇದ್ದೇನೆ. ಒಂದು ಅಲ್ಲಿ ಬೀಸುವ ಗಾಳಿಗೆ, ಇನ್ನೊಂದು ಅಕ್ಕಪಕ್ಕ ಸಿಕ್ಕಿದ ಜನಕ್ಕೆ. ಲೇಔಟ್ ಮಾಡಿದವರಿಗೆ ಅಂತ ಕೊಡ್ಲಿಕ್ಕೆ ಸ್ಟಾರ್ ಉಳಿಲಿಲ್ಲ. ಅವರ ಹೆಸರು ಹಾಕುದಿಲ್ಲ, ಊರಿನ ಹೆಸರೂ ಹಾಕುದಿಲ್ಲ. ಮಂಗಳೂರು ಸಿಟಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ, ಒಂದು ಪಂಚಾಯತ್ ಲಿಮಿಟ್‌ನಲ್ಲಿ, ಗುಡ್ಡೆ ಮೇಲೆ ಅಂತ ತಿಳ್ಕೊಳ್ಳಿ ಸಾಕು. ಈಗ ಅಂಥ ಲೇಔಟ್ ಒಂದಾ ಎರಡಾ, ಯಾವ ಗುಡ್ಡೆ ನೋಡಿದ್ರೂ ಮೇಲೆ ಒಂದು ಜೆಸಿಬಿ, ಕೆಳಗೆ ಒಂದು ಫ್ಲೆಕ್ಸ್. ನೀವು ನೋಡ್ಲಿಕ್ಕೆ ಹೊರಟದ್ದು ಇದೇ ಆಗಿರ್ಬಹುದು ಅಥವಾ ಇದರ ತಮ್ಮ ಆಗಿರ್ಬಹುದು.

ನಾವು ಜಾಗ ನೋಡಿದ್ದು ಜನವರಿಯಲ್ಲಿ. ಮೊದಲ ತಪ್ಪು ಅದೇ. ನಮ್ಮವರು ಕುವೈಟಲ್ಲಿ ಇರುದು, ರಜೆ ಸಿಗುದು ಡಿಸೆಂಬರ್ ಜನವರಿಗೆ, ಹಾಗಾಗಿ ಜಾಗ ನೋಡುದು, ಮಾತಾಡುದು, ಅಡ್ವಾನ್ಸ್ ಕೊಡುದು ಎಲ್ಲ ಒಣಗಿದ ಕಾಲದಲ್ಲೇ ಆಯ್ತು. ಲೇಔಟಿನವರೇ ಇನ್ನೋವಾ ಕಳಿಸಿದ್ರು, ಏಸಿ ಹಾಕಿ, ಗ್ಲಾಸ್ ಏರಿಸಿ, ಮಾತಾಡ್ತಾ ಮಾತಾಡ್ತಾ ಮೇಲೆ ಕರ್ಕೊಂಡು ಹೋದ್ರು. ಮೇಲೆ ಇಳಿದ ಕೂಡ್ಲೇ ಬೊಂಡ (ಎಳನೀರು) ಕೆತ್ತಿ ಕೈಗೆ ಕೊಟ್ರು. ಕೆಳಗೆ ಫಲ್ಗುಣಿ ನದಿ ಬೆಳ್ಳಿ ಸರಿಗೆ ಹಾಗೆ ಕಾಣ್ತದೆ, ಆಚೆ ಗುಡ್ಡೆ ಮೇಲೆ ಏರ್‌ಪೋರ್ಟು, ಮಗಳು ವಿಮಾನ ಎಣಿಸ್ಲಿಕ್ಕೆ ಶುರು ಮಾಡಿದ್ಳು. ಇವರು ನನ್ನ ಮುಖ ನೋಡಿದ್ರು, ನಾನು ಇವರ ಮುಖ ನೋಡಿದೆ, ಅಷ್ಟೇ, ಮುಗೀತು. ಬೊಂಡ ಕುಡಿದು ಮುಗಿಯುವಾಗ 17ನೇ ನಂಬರ್ ಸೈಟು ನಮ್ಮದು. 6 ಸೆಂಟ್ಸ್. ಕೆಳಗೆ ಮೇನ್ ರೋಡ್ ಹತ್ರ ಇದ್ದ ರೇಟಿನ ಅರ್ಧಕ್ಕೆ ಸಿಕ್ಕಿತು ಅಂತ ನಾವು ಭಾರೀ ಖುಷಿಯಲ್ಲಿದ್ದೆವು. ಉಳಿದ ಅರ್ಧ ಎಲ್ಲಿ ಹೋಯ್ತು ಅಂತ ಆಗ ಕೇಳ್ಬೇಕಿತ್ತು.

ಸೇಲ್ಸ್‌ನ ಹುಡುಗ ಒಂದು ಮಾತು ನಾಲ್ಕು ಸಲ ಹೇಳಿದ. "ಅಕ್ಕಾ, ಈಗ ಇದು ಪಂಚಾಯತ್, ಇನ್ನು ಎರಡು ವರ್ಷದಲ್ಲಿ ಕಾರ್ಪೊರೇಶನ್‌ಗೆ ಸೇರ್ತದೆ, ಆಗ ಕಾಂಕ್ರೀಟ್ ರೋಡು, ಡ್ರೈನೇಜು, ಬೀದಿ ದೀಪ ಎಲ್ಲ ಅದಾಗಿಯೇ ಬರ್ತದೆ, ರೇಟು ಡಬಲ್." ನಾವು ನಂಬಿದೆವು, ಯಾಕಂದ್ರೆ ಮಂಗಳೂರು ಬೆಳೆದದ್ದೇ ಹಾಗೆ ಅಲ್ವಾ, 1980ರಲ್ಲಿ ಕಾರ್ಪೊರೇಶನ್ ಆಯ್ತು, ಮತ್ತೆ ಸುರತ್ಕಲ್ ಸೇರಿತು, ಆಮೇಲೆ ಬಜಾಲ್, ಕಣ್ಣೂರು, ಕುಡುಪು, ತಿರುವೈಲು ಸೇರಿತು, ಈಗ 60 ವಾರ್ಡು. ಗುಡ್ಡೆ ಅಂದ್ರೂ ನಮಗೆ ಹೆದರಿಕೆ ಇಲ್ಲ, ಊರಿನ ಹೆಸರುಗಳಲ್ಲೇ ಗುಡ್ಡೆ ಉಂಟು ಪದವು ಉಂಟು, ಬಾವುಟಗುಡ್ಡೆ, ಕದ್ರಿ ಗುಡ್ಡೆ, ಪದವಿನಂಗಡಿ. ಇಲ್ಲಿ ಸಪಾಟು ಜಾಗ ಬೇಕಂದ್ರೆ ಗದ್ದೆಗೆ ಮಣ್ಣು ತುಂಬಿಸ್ಬೇಕು, ಇಲ್ಲದಿದ್ರೆ ಗುಡ್ಡೆ ಕಡಿಬೇಕು. ಅದರಿಂದ ಗುಡ್ಡೆ ಮೇಲೆ ಮನೆ ಕಟ್ಟುದೇ ತಪ್ಪು ಅಂತ ನಾನು ಹೇಳುದಿಲ್ಲ. ನನ್ನ ತಕರಾರು ಗುಡ್ಡೆ ಮೇಲೆ ಹೋಗುವ ದಾರಿಯದ್ದು.

ಆ ದಾರಿ ಹೇಗುಂಟು ಅಂತ ಈಗ ಸರಿಯಾಗಿ ಹೇಳ್ತೇನೆ, ಯಾಕಂದ್ರೆ ಕಳೆದ ವರ್ಷ ನಾನು ಮತ್ತು ಪಕ್ಕದ ಮನೆಯ ಶೆಟ್ರು ಇಬ್ರೂ ಟೇಪ್ ಹಿಡ್ಕೊಂಡು ಕೆಳಗಿಂದ ಮೇಲಿನ ತನಕ ಅಳೆದೆವು, ನೋಡಿದವರು ನಗಾಡಿದ್ರು. ಮೇನ್ ರೋಡಿನ ಅಶ್ವತ್ಥ ಕಟ್ಟೆಯಿಂದ ನಮ್ಮ ಗೇಟಿಗೆ 640 ಮೀಟರ್. ಶುರುವಿಗೆ ಪಂಚಾಯತ್ ರಸ್ತೆ, ಡಾಮರು ಉಂಟು, ಅಗಲ ಹನ್ನೊಂದು ಅಡಿ ಚಿಲ್ಲರೆ. ಎರಡೂ ಬದಿ ಹಳೇ ಮನೆಗಳು, ಹಂಚಿನದ್ದು, ಕೆಂಪು ಕಲ್ಲಿನ ಕಾಂಪೌಂಡು. ಒಂದು ಕಡೆ ಬಾಯಮ್ಮನ ಮನೆ ಗೋಡೆ ಮತ್ತು ಈಚೆ ಚರಂಡಿ ಮಧ್ಯೆ ಸಿಕ್ಕಿದ್ದು 9 ಅಡಿ 2 ಇಂಚು. ಅದೇ ಜಾಗದಲ್ಲಿ ತಿರುವು ಕೂಡ. ನಮ್ಮ ದೇಶದಲ್ಲಿ ದೊಡ್ಡ ಗಾಡಿ ಹೆಚ್ಚೆಂದ್ರೆ 2.6 ಮೀಟರ್ ಅಗಲ ಇರ್ಬಹುದು ಅಂತ ರೂಲ್ಸು, ಅಂದ್ರೆ ಎಂಟೂವರೆ ಅಡಿ. ಒಂಬತ್ತು ಅಡಿಯಲ್ಲಿ ಎಂಟೂವರೆ ಅಡಿಯ ಗಾಡಿ ನೇರ ಆದ್ರೆ ಉಸಿರು ಬಿಗಿ ಹಿಡ್ಕೊಂಡು ಹೋದೀತು, ತಿರುವಲ್ಲಿ ಹೇಗೆ ಹೋಗುದು? ಬಾಯಮ್ಮನ ಕಾಂಪೌಂಡಿನ ಮೂಲೆ ಮೂರು ಸಲ ಬಿದ್ದಿದೆ, ಮೂರು ಸಲವೂ ಅವರೇ ಕಟ್ಟಿಸಿದ್ದು.

ಆ ತಿರುವು ದಾಟಿದ್ರೆ ಏರು. ಮೊಬೈಲಲ್ಲಿ ಲೆವೆಲ್ ನೋಡುದು ಬರ್ತದಲ್ಲ, ಅದನ್ನು ರಸ್ತೆ ಮೇಲೆ ಇಟ್ಟು ನೋಡಿದೆವು, ಒಂದು ಕಡೆ 14 ಡಿಗ್ರಿ ತೋರಿಸಿತು. ಲೆಕ್ಕ ಹಾಕಿದ್ರೆ ನಾಲ್ಕು ಅಡಿ ಮುಂದೆ ಹೋಗುವಾಗ ಒಂದು ಅಡಿ ಮೇಲೆ. ಘಾಟಿ ರಸ್ತೆಗೇ ಸರ್ಕಾರದ ಎಂಜಿನಿಯರುಗಳು ಹಾಕ್ಕೊಂಡ ಮಿತಿ ನೂರಕ್ಕೆ ಆರೇಳು, ಬೇರೆ ದಾರಿಯೇ ಇಲ್ಲದಿದ್ರೆ ನೂರಕ್ಕೆ ಎಂಟು. ನಮ್ಮದು ನೂರಕ್ಕೆ ಇಪ್ಪತ್ತೈದು! ಶಿರಾಡಿಯಲ್ಲಿ ಲೋಡ್ ಲಾರಿ ಹತ್ತುದು ನೋಡಿ ಅಯ್ಯೋ ಪಾಪ ಹೇಳುವವರು ನಮ್ಮಲ್ಲಿ ಬಂದು ನೋಡ್ಬೇಕು. ಕಾಂಕ್ರೀಟ್ ಹಾಕುವಾಗ ಗೀರು ಎಳೆದಿದ್ರು, ಟೈರು ಹಿಡಿಲಿ ಅಂತ, ಎರಡು ಮಳೆಗಾಲಕ್ಕೆ ಆ ಗೀರಲ್ಲೆಲ್ಲ ಪಾಚಿ. ಜುಲೈಯಲ್ಲಿ ಸ್ಕೂಟಿ ತಕ್ಕೊಂಡು ಇಳಿಯುದು ಅಂದ್ರೆ ಎರಡು ಕಾಲನ್ನೂ ಕೆಳಗೆ ಬಿಟ್ಟು, ಎರಡು ಬ್ರೇಕನ್ನೂ ಹಿಡಿದು, ದೇವರನ್ನು ನೆನೆಸಿ ಇಳಿಯುದು. ನಾನು ಈಗ ಮಳೆಗಾಲದಲ್ಲಿ ಸ್ಕೂಟಿಯನ್ನು ಕಟ್ಟೆ ಹತ್ರ ಅಂಗಡಿಯವರ ಜಗಲಿ ಬದಿಯಲ್ಲೇ ಇಡುದು, ತಿಂಗಳಿಗೆ ಅವರಿಗೆ ಏನಾದ್ರೂ ಕೊಡುದು.

ಮನೆ ಕಟ್ಟುವಾಗ ಎಂತ ಆಯ್ತು ಅಂದ್ರೆ, ಕಲ್ಲಿನ ಲಾರಿಯವ ಮೇಲೆ ಬರುದಿಲ್ಲ ಅಂದ. ಕೆಳಗೆ ಕಟ್ಟೆ ಹತ್ರ ಅನ್‌ಲೋಡ್, ಅಲ್ಲಿಂದ ಪಿಕಪ್‌ನಲ್ಲಿ ಸ್ವಲ್ಪ ಸ್ವಲ್ಪ ಮೇಲೆ. ಹೊಯ್ಗೆ (ಮರಳು) ಹಾಗೇ, ಸಿಮೆಂಟ್ ಹಾಗೇ, ಕಬ್ಬಿಣ ಹಾಗೇ. ಒಂದೇ ಸಾಮಾನಿಗೆ ಎರಡು ಬಾಡಿಗೆ, ಎರಡು ಲೋಡಿಂಗ್ ಕೂಲಿ. ಸ್ಲ್ಯಾಬ್ ಹಾಕುವ ದಿನ ರೆಡಿಮಿಕ್ಸ್ ಗಾಡಿ ಬಾಯಮ್ಮನ ತಿರುವಿನ ತನಕ ಬಂದು ನಿಂತಿತು, ಡ್ರೈವರ್ ಇಳಿದು ನೋಡಿದ, ತಲೆ ಕೆರ್ಕೊಂಡ, ಮತ್ತೆ ಇಷ್ಟು ದೂರ ರಿವರ್ಸ್ ಹೋದ. ಕೊನೆಗೆ ಮೇಲೆಯೇ ಸಣ್ಣ ಮಿಕ್ಸರ್ ಇಟ್ಟು ಎರಡು ದಿನ ಮಾಡಿದ್ದು. ಅರ್ಧ ರೇಟಿಗೆ ಜಾಗ ಸಿಕ್ಕಿತು ಅಂತ ಕುಣಿದೆವಲ್ಲ, ಆ ಉಳಿತಾಯದಲ್ಲಿ ಒಂದು ದೊಡ್ಡ ಪಾಲು ಈ 640 ಮೀಟರ್ ತಿಂದಿತು, ಇನ್ನೊಂದು ಪಾಲು ತಡೆಗೋಡೆ ತಿಂದಿತು.

ತಡೆಗೋಡೆಯ ಕತೆ ಬೇರೆ. ಜೆಸಿಬಿ ಮನೆ ಹಿಂದಿನ ಬರೆ, ಅಂದ್ರೆ ಗುಡ್ಡೆಯ ಕಡಿದಾದ ಬದಿ, ಕಡಿಯುವಾಗ ಮೇಲೆ ಹತ್ತು ಅಡಿ ಒಳ್ಳೆ ಕೆಂಪು ಕಲ್ಲು, ಕಬ್ಬಿಣದ ಹಾಗೆ ಗಟ್ಟಿ, ನಾನು ಧೈರ್ಯದಲ್ಲಿ ಇದ್ದೆ. ಅದರ ಕೆಳಗೆ ಬಕೆಟ್ ಹಾಕಿದ್ರೆ ಬಿಳಿ, ಗುಲಾಬಿ, ಹಳದಿ ಬಣ್ಣದ ಮಣ್ಣು, ಕೈಯಲ್ಲಿ ಹಿಡಿದ್ರೆ ಪೌಡರ್ ಹಾಗೆ ಜಾರ್ತದೆ. ಮಗಳು ರಂಗೋಲಿ ಪುಡಿ ಅಂತ ಡಬ್ಬಿಯಲ್ಲಿ ತುಂಬಿಸಿ ಇಟ್ಳು. ಜೆಸಿಬಿಯ ಹುಡುಗ ಮಾತ್ರ ಗಾಡಿ ಆಫ್ ಮಾಡಿ ಇಳಿದು ಬಂದ. "ಅಕ್ಕಾ ಇದು ಶೇಡಿ. ಒಣಗಿದ್ರೆ ಕಲ್ಲು, ನೀರು ಕುಡಿದ್ರೆ ಗಂಜಿ. ನೀವು ಇನ್ನು ಕೆಳಗೆ ಕಡಿಸ್ಬೇಡಿ." ನಮ್ಮ ಕರಾವಳಿಯ ಗುಡ್ಡೆಗಳು ಹೆಚ್ಚಿನವು ಹೀಗೆಯೇ, ಮೇಲೆ ಮುರಕಲ್ಲಿನ, ಅಂದ್ರೆ ಈ ಕೆಂಪು ಕಲ್ಲಿನ, ಟೋಪಿ, ಒಳಗೆ ಶೇಡಿ. ಸುರತ್ಕಲ್ ಎನ್‌ಐಟಿಕೆಯವರು ಈ ಶೇಡಿ ಮಣ್ಣಿನ ಮೇಲೆ ಎಷ್ಟೋ ಸಂಶೋಧನೆ ಮಾಡಿದ್ದಾರೆ, ನೀರು ಹೋದ್ರೆ ಅದರ ಬಲ ಹೋಗ್ತದೆ ಅಂತ ಕಾಲೇಜಿನವರು ಬರೆದದ್ದನ್ನೇ ಈ ಹುಡುಗ ಗಂಜಿ ಅಂತ ಹೇಳಿದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಗುಡ್ಡೆಯ ಟೋಪಿ ತೆಗೆದು ಶೇಡಿಯನ್ನು ಮಳೆಗೆ ಒಡ್ಡಿ ಸೈಟ್ ಮಾಡಿದ್ರೆ ಎಂತ ಆಗ್ತದೆ ಅಂತ ಹೇಳ್ಲಿಕ್ಕೆ ಪಂಡಿತರು ಬೇಡ.

2020ರ ಜುಲೈಯಲ್ಲಿ ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡೆ ಜರಿದು ಎರಡು ಮಕ್ಕಳು ಹೋದ್ರು. ಮತ್ತೆ 2025ರ ಮೇ 30ಕ್ಕೆ ಮಂಜನಾಡಿಯ ಮೊಂಟೆಪದವಿನಲ್ಲಿ ಮನೆ ಮೇಲೆ ಗುಡ್ಡೆ ಬಿದ್ದು ಅಜ್ಜಿ, ಇಬ್ಬರು ಪುಟ್ಟ ಮೊಮ್ಮಕ್ಕಳು. ಆ ದಿನ ಬೆಳಿಗ್ಗೆ ನ್ಯೂಸ್ ನೋಡಿ ನಾನು ಹಿಂದಿನ ಬಾಗಿಲು ತೆಗೆದು ಬರೆಯನ್ನೇ ನೋಡ್ತಾ ನಿಂತಿದ್ದೆ, ಇವರು ಕುವೈಟಿಂದ ಹತ್ತು ಸಲ ಫೋನ್, "ಕೆಳಗೆ ಅಮ್ಮನ ಮನೆಗೆ ಹೋಗಿ, ಈಗಲೇ ಹೋಗಿ." ಹೋಗುದು ಹೇಗೆ, ರಸ್ತೆಯಲ್ಲಿ ಮೊಣಕಾಲು ತನಕ ಕೆಂಪು ನೀರು ಇಳೀತಾ ಇತ್ತು. ಆ ದಿನ ನನಗೆ ಸರಿಯಾಗಿ ಅರ್ಥ ಆದದ್ದು, ಮೇಲೆ ಇರುವ ಎಲ್ಲರಿಗೂ ಕೆಳಗೆ ಬರ್ಲಿಕ್ಕೆ ಇರುದು ಅದೊಂದೇ ದಾರಿ, ಮಳೆ ನೀರಿಗೂ ಅದೇ ದಾರಿ.

ಮಾವನ ವಿಷಯ ಹೇಳದೆ ಈ ರಿವ್ಯೂ ಪೂರ್ತಿ ಆಗುದಿಲ್ಲ. ಆಗಸ್ಟಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಬಾತ್‌ರೂಮಲ್ಲಿ ಜಾರಿ ಬಿದ್ರು, ಸೊಂಟದ ಮೂಳೆ. ಆ್ಯಂಬುಲೆನ್ಸ್ ಬಂತು, ಬೇಗನೇ ಬಂತು, ಕಟ್ಟೆ ತನಕ. ಅಲ್ಲಿಂದ ಡ್ರೈವರ್ ಫೋನ್ ಮಾಡಿದ, "ಅಕ್ಕಾ ತಿರುವಲ್ಲಿ ಪಿಕಪ್ ನಿಲ್ಲಿಸಿದ್ದಾರೆ, ಮತ್ತೆ ಈ ಪಾಚಿಯಲ್ಲಿ ಹತ್ತಿಸಿದ್ರೆ ಪೇಷಂಟ್ ಇಟ್ಕೊಂಡು ಇಳಿಸುದು ನನಗೆ ಧೈರ್ಯ ಇಲ್ಲ." ಅವನದ್ದು ತಪ್ಪಿಲ್ಲ. ಶೆಟ್ರು, ಅವರ ಮಗ, 22ನೇ ನಂಬರಿನ ಬ್ಯಾರಿ ಹುಡುಗರು ಇಬ್ರು, ಎಲ್ಲರನ್ನೂ ಎಬ್ಬಿಸಿದೆ. ಸ್ಟ್ರೆಚರ್ ಹಿಡ್ಕೊಂಡು ಮೇಲೆ ಬಂದ್ರು. ಇಳಿಯುವಾಗ ಮಾವ ತಲೆ ಮುಂದಾಗಿ ಜಾರ್ಬಾರ್ದು ಅಂತ ಅವರನ್ನು ಇವರ ಎರಡು ಲುಂಗಿಯಲ್ಲಿ ಸ್ಟ್ರೆಚರಿಗೆ ಕಟ್ಟಿದ್ದು, ನಾನು ಮುಂದೆ ಟಾರ್ಚ್ ಹಿಡ್ಕೊಂಡು ಹಿಮ್ಮುಖ ಇಳಿದದ್ದು, ಹುಡುಗರು ಚಪ್ಪಲಿ ತೆಗೆದು ಬರಿಗಾಲಲ್ಲಿ ಬೆರಳು ಒತ್ತಿ ಒತ್ತಿ ಇಟ್ಟದ್ದು. ಅಷ್ಟು ನೋವಲ್ಲೂ ಮಾವ "ಮೆಲ್ಲ ಮಕ್ಕಳೇ, ನೀವು ಬೀಳ್ಬೇಡಿ" ಹೇಳ್ತಿದ್ರು. 640 ಮೀಟರಿಗೆ ಇಪ್ಪತ್ತೈದು ನಿಮಿಷ. ಈಗ ಮಾವ ಕೆಳಗೆ ಮೈದುನನ ಮನೆಯಲ್ಲೇ ಇರುದು, ವಿಮಾನ ನೋಡ್ತಾ ಕೂತ್ಕೊಳ್ಳಿಕ್ಕೆ ಅಂತ ಅವರಿಗೇ ಮಾಡಿಸಿದ ಸಿಟ್‌ಔಟ್ ಖಾಲಿ.

ಬೆಂಕಿ ಬಿದ್ರೆ ಎಂತ ಅಂತ ನಾನು ಕೇಳ್ಲಿಕ್ಕೇ ಹೋಗ್ಲಿಲ್ಲ. ಗ್ಯಾಸ್ ಸಿಲಿಂಡರ್ ಸಹ ಕೆಳಗೇ ಇಳಿಸುದು, ಒಳಗೆ 14.2 ಕೆಜಿ ಗ್ಯಾಸು, ಕಬ್ಬಿಣದ್ದು ಸೇರಿ ಮೂವತ್ತರ ಹತ್ರ, ಅದನ್ನು ಮೇಲೆ ತರ್ಲಿಕ್ಕೆ ರಿಕ್ಷಾದವರು ಬೇರೆ ದುಡ್ಡು ಕೇಳ್ತಾರೆ, ಮಳೆ ಬಂದ್ರೆ ಅವರೂ ಇಲ್ಲ.

ಈಗ ಕಾಗದ ಪತ್ರದ ವಿಷಯಕ್ಕೆ ಬರುವ, ಇದು ಸ್ವಲ್ಪ ಉದ್ದ ಆಗ್ತದೆ, ಆದ್ರೆ ಜಾಗ ತಕ್ಕೊಳ್ಳುವವರು ಬೇರೆಂತ ಓದದಿದ್ರೂ ಇದನ್ನು ಓದಿ. ನಾವು ತಕ್ಕೊಳ್ಳುವಾಗ ವಕೀಲರಿಗೆ ತೋರಿಸಿದ್ದೆವು. ಆರ್‌ಟಿಸಿ (ಪಹಣಿ) ಸರಿ ಉಂಟು, ಇಸಿ (ಋಣಭಾರ ಪತ್ರ) ಸರಿ ಉಂಟು, ಕೃಷಿ ಜಾಗ ಮನೆ ಜಾಗ ಅಂತ ಕನ್ವರ್ಶನ್ ಆಗಿದೆ, ಪಂಚಾಯತಿನ ನಮೂನೆ 9/11 ಉಂಟು. ವಕೀಲರು ಜಾಗ ನೋಡಿದ್ರು, ದಾರಿ ನೋಡ್ಲಿಲ್ಲ, ನಾವೂ ಕೇಳ್ಲಿಲ್ಲ. ಕ್ರಯಪತ್ರದಲ್ಲಿ ದಾರಿ ಬಗ್ಗೆ ಇದ್ದದ್ದು ಒಂದೇ ಗೆರೆ, "ಮಾಮೂಲು ದಾರಿ ಹಕ್ಕು ಸಮೇತ". ಈ ಮಾಮೂಲು ಅನ್ನುವ ಶಬ್ದ ಇದೆಯಲ್ಲ, ನೂರು ವರ್ಷದಿಂದ ಎತ್ತಿನ ಗಾಡಿ ಹೋಗ್ತಿದ್ದ ದಾರಿಗೆ ಸರಿ, ನಾಲ್ಕು ವರ್ಷದ ಹಿಂದೆ ಜೆಸಿಬಿ ಕಡಿದ ದಾರಿಗೆ ಎಂತ ಮಾಮೂಲು?

ತಂತಿ ಬೇಲಿ ಬಿದ್ದ ಮೇಲೆ ನಮಗೆ ಬುದ್ಧಿ ಬಂದದ್ದು. ಒಂದು ಸೋಮವಾರ ಬೆಳಿಗ್ಗೆ ಶಾಲೆ ವ್ಯಾನಿಗೆ ಮಕ್ಕಳನ್ನು ಬಿಡ್ಲಿಕ್ಕೆ ಇಳಿದ್ರೆ ಏರಿನ ಮಧ್ಯದಲ್ಲಿ ರಸ್ತೆಗೆ ಅಡ್ಡ ಮುಳ್ಳು ತಂತಿ, ನಾಲ್ಕು ಕಲ್ಲು ಕಂಬ. ಆ ಬದಿಯ ವರ್ಗದ ಜಾಗದವರು, ಅಂದ್ರೆ ಖಾಸಗಿ ಪಟ್ಟಾ ಜಾಗದವರು, ಹಾಕಿಸಿದ್ದು. ಲೇಔಟಿನವರು ಅವರಿಗೆ ಕೊಡ್ತೇನೆ ಅಂದ ದುಡ್ಡು ಪೂರ್ತಿ ಕೊಡ್ಲಿಲ್ಲವಂತೆ. ಮೂರು ದಿನ ಕಾರುಗಳೆಲ್ಲ ಮೇಲೆ ಬಾಕಿ. ಆಗ ಸರ್ವೆಯವರ ಹತ್ರ ಎಫ್‌ಎಂಬಿ ಸ್ಕೆಚ್ (ಸರ್ವೆಯ ಅಳತೆ ನಕ್ಷೆ) ತೆಗೆಸಿ ನೋಡಿದ್ರೆ, ಪಂಚಾಯತ್ ರಸ್ತೆ ಬಾಯಮ್ಮನ ತಿರುವಿಗೇ ಮುಗೀತದೆ, ಅಲ್ಲಿಂದ ಸುಮಾರು ಅರುವತ್ತು ಮೀಟರ್ ಕುಮ್ಕಿ ಜಾಗ.

ನಮ್ಮ ಜಿಲ್ಲೆ ಹೊರಗಿನವರಿಗೆ ಕುಮ್ಕಿ ಗೊತ್ತಿರ್ಲಿಕ್ಕಿಲ್ಲ. ವರ್ಗ ಜಾಗದ ಗಡಿಯಿಂದ ನೂರು ಗಜದ ಒಳಗಿನ ಸರ್ಕಾರಿ ಜಾಗ, ಸೊಪ್ಪು, ಸೌದೆ, ದನ ಮೇಯಿಸ್ಲಿಕ್ಕೆ ಅಂತ ಆ ವರ್ಗದಾರರಿಗೆ ಹಿಂದಿನಿಂದ ಇರುವ ಸೌಲಭ್ಯ. ಮಾಲೀಕತ್ವ ಸರ್ಕಾರದ್ದೇ. ಅಂದ್ರೆ ಬೇಲಿ ಹಾಕಿದವರಿಗೂ ಅದನ್ನು ಮಾರುವ ಹಕ್ಕಿಲ್ಲ, ರಸ್ತೆ ಕಡಿದವರಿಗೂ ಕಡಿಯುವ ಹಕ್ಕಿಲ್ಲ, ಹಕ್ಕೇ ಇಲ್ಲದ ಇಬ್ಬರು ಸೇರಿ ಸ್ಟ್ಯಾಂಪ್ ಪೇಪರಲ್ಲಿ ಕರಾರು ಮಾಡಿ ನಮಗೆ ದಾರಿ ಕೊಟ್ಟದ್ದು! ನಾವು ಅದರ ಮೇಲೆ ಲೋನ್ ಮಾಡಿ ಮನೆ ಕಟ್ಟಿ ಕೂತದ್ದು.

ಎರಡನೇ ವಕೀಲರ ಹತ್ರ ಹೋದೆವು. ಅವರು ಪಾಪ ಚಾ ಕೊಟ್ಟು ಸಮಾಧಾನದಲ್ಲಿ ಹೇಳಿದ್ರು. ದಾರಿ ಹಕ್ಕಿಗೆ 1882ರ ಕಾಯ್ದೆ ಉಂಟು, ಬೇರೆಯವರ ಜಾಗದಲ್ಲಿ 20 ವರ್ಷ ರಾಜಾರೋಷವಾಗಿ, ತಡೆ ಇಲ್ಲದೆ ನಡೆದಿದ್ರೆ ಹಕ್ಕು ಬರ್ತದೆ, ಸರ್ಕಾರಿ ಜಾಗ ಆದ್ರೆ 30 ವರ್ಷ. ನಮ್ಮದು ನಾಲ್ಕು. ಬೇರೆ ದಾರಿಯೇ ಇಲ್ಲದವರಿಗೆ ಅಗತ್ಯದ ದಾರಿ ಅಂತ ಒಂದು ಉಂಟು, ಆದ್ರೆ ಅದು ಒಬ್ಬನೇ ಮಾಲೀಕನ ಜಾಗ ತುಂಡಾದಾಗ ಆ ತುಂಡುಗಳ ಮಧ್ಯೆ ಬರುದು, ಮೂರನೆಯವರ ಜಾಗಕ್ಕೆ, ಸರ್ಕಾರದ ಜಾಗಕ್ಕೆ ಹಾಗೇ ಹಾರುದಿಲ್ಲ. "ನೀವು ಗುಡ್ಡೆ ತಕ್ಕೊಂಡಿದ್ದೀರಿ ಅಮ್ಮಾ, ಹತ್ತುವ ಮೆಟ್ಲು ತಕ್ಕೊಳ್ಳಿಲ್ಲ" ಅಂದ್ರು. ಬೇಲಿ ಕೊನೆಗೆ ತೆಗೆಸಿದ್ದು ನಾವು ಮನೆಯವರೇ ದುಡ್ಡು ಒಟ್ಟು ಮಾಡಿ. ಯಾವ ರಶೀದಿಯೂ ಇಲ್ಲ ಅದಕ್ಕೆ.

ಮತ್ತೆ ಇದು ನಿಜವಾದ ಲೇಔಟೇ ಅಲ್ಲ ಅಂತ ಗೊತ್ತಾದದ್ದೂ ಆಗಲೇ. ಬ್ರೋಶರ್‌ನಲ್ಲಿ ಪಾರ್ಕ್, ಮಕ್ಕಳ ಆಟದ ಜಾಗ, 30 ಅಡಿ ರೋಡ್ ಎಲ್ಲ ಉಂಟು. ಅಪ್ರೂವಲ್ ಮಾಡಿಸಿದ್ದು ಮಾತ್ರ ಒಂದೊಂದು ತುಂಡಿಗೆ ಬೇರೆ ಬೇರೆ, ನಮ್ಮಲ್ಲಿ ಸಿಂಗಲ್ ಲೇಔಟ್ ಹೇಳುದು, ಮನೆ ಕಟ್ಟಿಕೊಳ್ಳುವ ಸಾಮಾನ್ಯ ಜನರಿಗೆ ಇರುವ ವ್ಯವಸ್ಥೆ. ಇಡೀ ಜಾಗವನ್ನು ಒಂದೇ ಲೇಔಟ್ ಅಂತ ತೋರಿಸಿದ್ರೆ ಟೌನ್ ಪ್ಲ್ಯಾನಿಂಗ್ ಕಾಯ್ದೆಯ 17ನೇ ಸೆಕ್ಷನಲ್ಲಿ ಪ್ಲ್ಯಾನ್ ಪಾಸ್ ಆಗ್ಬೇಕು, ರಸ್ತೆ ಪಾರ್ಕು ಪಂಚಾಯತಿಗೋ ಕಾರ್ಪೊರೇಶನಿಗೋ ಬರೆದು ಕೊಡ್ಬೇಕು, ರೇರಾ, ಅಂದ್ರೆ ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿ, ನಂಬರ್ ಬೇಕು. ರೇರಾ ಬೇಕಾಗುದು 500 ಚದರ ಮೀಟರ್ ದಾಟಿದ್ರೆ, ನಮ್ಮ ಲೆಕ್ಕದಲ್ಲಿ ಹನ್ನೆರಡೂವರೆ ಸೆಂಟ್ಸ್ ಕೂಡ ಇಲ್ಲ ಅದು, ಅಂದ್ರೆ ಫ್ಲೆಕ್ಸ್ ಹಾಕಿ ಮಾರುವ ಹೆಚ್ಚಿನ ಎಲ್ಲ ಲೇಔಟಿಗೂ ಬೇಕು. ಫ್ಲೆಕ್ಸಲ್ಲಿ ಆ ನಂಬರ್ ಇಲ್ಲದಿದ್ರೆ ಇನ್ನೋವಾ ಹತ್ತುವ ಮೊದಲೇ ಕೇಳಿ. ನಾವು ಕೇಳ್ಲಿಲ್ಲ, ನಮಗೆ ನದಿ ಕಂಡಿತ್ತು. ಪಾರ್ಕ್ ಅಂತ ತೋರಿಸಿದ ಜಾಗ ಈಗ ಇಪ್ಪತ್ತು ಅಡಿ ಬರೆ, ಅದರ ಮೇಲೆ ನೀಲಿ ಟರ್ಪಾಲು. 30 ಅಡಿ ರೋಡ್ ಇದ್ದದ್ದೇ, ಸುಳ್ಳಲ್ಲ, ಲೇಔಟ್ ಒಳಗೆ ನೂರೈವತ್ತು ಮೀಟರ್ ಉಂಟು, ಕ್ರಿಕೆಟ್ ಆಡ್ಬಹುದು. ಅದಕ್ಕೆ ಬಂದು ಸೇರುದು ಹನ್ನೊಂದು ಅಡಿ.

ಪಂಚಾಯತಿಗೆ ಅರ್ಜಿ ಹಾಕಿದೆವು, ರಸ್ತೆಗೆ ಚರಂಡಿ ಮಾಡಿ ಕೊಡಿ ಅಂತ. ರಸ್ತೆ ನಮಗೆ ಹಸ್ತಾಂತರ ಆಗ್ಲಿಲ್ಲ, ಖಾಸಗಿ ರಸ್ತೆಗೆ ಅನುದಾನ ಹಾಕ್ಲಿಕ್ಕೆ ಬರುದಿಲ್ಲ ಅಂದ್ರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಇನ್ನು ನಾಳೆ ಕಾರ್ಪೊರೇಶನ್‌ಗೆ ಸೇರಿದ್ರೂ ಇದೇ ಉತ್ತರ, ಲೆಟರ್‌ಹೆಡ್ ಬೇರೆ ಇರ್ತದೆ. ತೆರಿಗೆ ಏರ್ತದೆ, ಪಂಚಾಯತ್ ಬೋರ್ಡ್ ತೆಗೆದು ವಾರ್ಡ್ ನಂಬರ್ ಹಾಕ್ತಾರೆ, ಬಾಯಮ್ಮನ ತಿರುವು ಒಂದು ಇಂಚು ಅಗಲ ಆಗುದಿಲ್ಲ. ಅಗಲ ಆಗ್ಬೇಕಂದ್ರೆ ಕೆಳಗಿನವರು ಜಾಗ ಬಿಡ್ಬೇಕು. ಅದಕ್ಕೆ ಟಿಡಿಆರ್ ಅಂತ ಕೊಡ್ತಾರೆ, ಬಿಟ್ಟ ಜಾಗಕ್ಕೆ ಬದಲು ಬೇರೆ ಕಡೆ ಹೆಚ್ಚು ಕಟ್ಟುವ ಹಕ್ಕು, ಬಿಲ್ಡರಿಗೆ ಮಾರ್ಬಹುದು. ನಾಲ್ಕೂವರೆ ಸೆಂಟ್ಸಲ್ಲಿ ಹಂಚಿನ ಮನೆ, ಎರಡು ತೆಂಗು, ಒಂದು ಬಾವಿ ಇರುವ ಬಾಯಮ್ಮ ಆ ಕಾಗದ ಇಟ್ಕೊಂಡು ಎಂತ ಮಾಡುದು?

ನಾನು ಇಷ್ಟು ಹೊತ್ತು ನಮ್ಮ ಕಷ್ಟವೇ ಹೇಳಿದೆ, ಆದ್ರೆ ಈ ಲೇಔಟಿಂದ ನಮಗಿಂತ ಮೊದಲು ಪೆಟ್ಟು ತಿಂದದ್ದು ಕೆಳಗಿನವರು. ಅವರು ಎಂತದೂ ತಕ್ಕೊಳ್ಳಿಲ್ಲ, ಮಾರ್ಲೂ ಇಲ್ಲ. ಮೊದಲು ಅವರ ಮನೆ ಮುಂದೆ ಮಕ್ಕಳು ಲಗೋರಿ ಆಡ್ತಿದ್ರಂತೆ, ಹಪ್ಪಳ ಸೆಂಡಿಗೆ ರಸ್ತೆಯಲ್ಲೇ ಒಣಗಿಸ್ತಿದ್ರಂತೆ, ಹನ್ನೆರಡು ಮನೆಯ ಓಣಿ. ಈಗ ಮೇಲಿನ ಮೂವತ್ತು ಚಿಲ್ಲರೆ ಮನೆಯ ಕಾರು, ಬೈಕು, ಪಾರ್ಸೆಲಿನವರು, ಮಣ್ಣಿನ ಟಿಪ್ಪರು ಎಲ್ಲ ಆ ಓಣಿಯಲ್ಲೇ. ಗುಡ್ಡೆಯಲ್ಲಿ ಮೊದಲು ಹುಲ್ಲು, ನೇರಳೆ ಮರ, ಗೇರು ಮರ ಎಲ್ಲ ಇದ್ದಾಗ ಮಳೆ ನೀರು ಅಲ್ಲೇ ಇಂಗ್ತಿತ್ತು, ಈಗ ನಮ್ಮ ಟೆರೇಸಿನದ್ದು, ಇಂಟರ್‌ಲಾಕ್ ಹಾಕಿದ ಅಂಗಳದ್ದು, ಕಾಂಕ್ರೀಟ್ ರಸ್ತೆಯದ್ದು ಒಟ್ಟಾಗಿ ಅವರ ಬಾವಿಗೆ ನುಗ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಯಮ್ಮನ ಬಾವಿ ನೀರು ಚಾದ ಬಣ್ಣ. ಲೇಔಟ್ ಶುರು ಆಗುವಾಗ ಅವರೆಲ್ಲ ಸಹಿ ಹಾಕಿ ಆಕ್ಷೇಪಣೆ ಕೊಟ್ಟಿದ್ರು, ಅದರ ಝೆರಾಕ್ಸ್ ಬಾಯಮ್ಮ ಈಗಲೂ ಬೈಬಲ್ ಒಳಗೆ ಮಡಚಿ ಇಟ್ಟಿದ್ದಾರೆ, ನನಗೆ ತೋರಿಸಿದ್ರು. ಅದರಲ್ಲಿ ನಾನು ಈಗ ಇಲ್ಲಿ ಬರೆದ ಎಲ್ಲ ವಿಷಯ ಉಂಟು, ರಸ್ತೆ ಅಗಲ, ನೀರು, ಆ್ಯಂಬುಲೆನ್ಸು, ಎಲ್ಲ. ನಾವು ಅಡ್ವಾನ್ಸ್ ಕೊಡುವ ಒಂದು ವರ್ಷ ಮೊದಲಿನ ತಾರೀಕು.

ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿ) ಕೊಟ್ಟು ಕಳಿಸಿದ್ರು ಬಾಯಮ್ಮ, ನಾನು ಹೋಗಿ ಸಾರಿ ಹೇಳಿದ್ರೆ ನಕ್ಕು "ನೀವು ಮೇಲಿನವರು ಒಳ್ಳೆಯವರೇ ಮಗಾ, ನಿಮ್ಮ ನೀರು ಮಾತ್ರ ಒಳ್ಳೇದಲ್ಲ" ಅಂದ್ರು. ಈಗ ನಾವು ಏಳೆಂಟು ಮನೆಯವರು ಸೇರಿ ಟೆರೇಸ್ ನೀರಿಗೆ ಇಂಗುಗುಂಡಿ ಮಾಡಿಸ್ಲಿಕ್ಕೆ ಹೊರಟೆವು, ಅಲ್ಲೂ ಎಂಜಿನಿಯರು ಬಂದು ಬೇಡ ಅಂದ್ರು, ಬರೆಯ ತುದಿಯಲ್ಲಿ ನೀರು ಇಂಗಿಸಿದ್ರೆ ಶೇಡಿಗೇ ಹೋಗುದಲ್ವಾ ಅಂತ. ಪೈಪ್ ಹಾಕಿ ಕೆಳಗಿನ ತೋಡಿಗೆ ಬಿಡ್ಬೇಕು ಅಂದ್ರೆ ಪೈಪ್ ಹೋಗ್ಲಿಕ್ಕೆ ದಾರಿ ಬೇಕು, ದಾರಿ ಯಾರದ್ದು, ಅದೇ ಅರುವತ್ತು ಮೀಟರ್. ಮಂಡೆ ಬಿಸಿ.

ಒಳ್ಳೆದು ಹೇಳ್ಲೇಬೇಕು, ಇಲ್ಲದಿದ್ರೆ ಅನ್ಯಾಯ ಆಗ್ತದೆ. ಏಪ್ರಿಲಲ್ಲಿ ಸಿಟಿಯಲ್ಲಿ ಬೆವರಲ್ಲಿ ಮುಳುಗುವಾಗ ಇಲ್ಲಿ ಫ್ಯಾನ್ ಬೇಡ. ಸೊಳ್ಳೆ ಇಲ್ಲ. ನವಿಲು ಬರ್ತದೆ. ಕರೆಂಟ್ ಪರವಾಗಿಲ್ಲ, ಬೋರಿನ ನೀರು ಮಾರ್ಚ್ ತನಕ ಧಾರಾಳ. ಸೈಟಿನ ಅಳತೆ ಕೂಡ ಸರಿ ಇತ್ತು, ಒಂದು ಅಡಿ ಮೋಸ ಮಾಡ್ಲಿಲ್ಲ.

ಗುಡ್ಡೆ ಮೇಲೆ ಜಾಗ ನೋಡ್ಲಿಕ್ಕೆ ಹೋಗುವವರು ಒಂದು ಮಾಡಿ. ಅವರ ಗಾಡಿಯಲ್ಲಿ ಹೋಗ್ಬೇಡಿ, ಮೇನ್ ರೋಡಲ್ಲಿ ಇಳಿದು ನಡೆದು ಹತ್ತಿ, ಆದ್ರೆ ಜುಲೈಯಲ್ಲಿ, ಜೋರು ಮಳೆ ಬಂದ ಮರುದಿನ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ, ಸರ್ಕಾರದ್ದೇ, ಪುಕ್ಕಟೆ, ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸ್ತದೆ, ಹತ್ತುತ್ತಾ ಹತ್ತುತ್ತಾ ಎಷ್ಟು ನಂಬರ್ ಬದಲಾಗ್ತದೆ ನೋಡಿ ಬರ್ಕೊಳ್ಳಿ, ಅಷ್ಟೂ ನಂಬರಿನ ಆರ್‌ಟಿಸಿ ತೆಗೆಸಿ, ಎಲ್ಲಿ ಸರ್ಕಾರಿ ಅಂತ ಬರ್ತದೋ ಅಲ್ಲಿ ಕೇಳಿ. ಕ್ರಯಪತ್ರದಲ್ಲಿ ದಾರಿಯ ಅಗಲ ಎಷ್ಟು ಅಡಿ, ಯಾವ ಸರ್ವೆ ನಂಬರಲ್ಲಿ ಹೋಗ್ತದೆ ಅಂತ ಬರೆಸಿ. ಮಾಮೂಲು ದಾರಿ ಅಂದ್ರೆ ಪೆನ್ ಕೆಳಗಿಡಿ. ಮತ್ತೆ ಕೆಳಗಿನ ಮನೆಯವರ ಹತ್ರ ಐದು ನಿಮಿಷ ಮಾತಾಡಿ, ಅವರು ಬೈದ್ರೂ ಪರವಾಗಿಲ್ಲ, ಬೈಗುಳದಲ್ಲೇ ಎಲ್ಲ ಮಾಹಿತಿ ಇರ್ತದೆ.

ಇದನ್ನು ಈಗ ಬರಿಲಿಕ್ಕೆ ಕಾರಣ, ನಮ್ಮ ಮೇಲ್ಗಡೆ ಇನ್ನೂ ಮೂರು ಎಕರೆ ಗುಡ್ಡೆ ತಕ್ಕೊಂಡಿದ್ದಾರೆ, ಫೇಸ್ ಟೂ ಅಂತೆ. ಫ್ಲೆಕ್ಸಲ್ಲಿ "ಅಗಲವಾದ ರಸ್ತೆ ಸಂಪರ್ಕ" ಅಂತ ಉಂಟು, ಆ ರಸ್ತೆ ಇದೇ. ಶನಿವಾರ ಆದಿತ್ಯವಾರ ಇನ್ನೋವಾಗಳು ಬರ್ತವೆ, ಮೇಲೆ ತಿರುಗಿಸ್ಲಿಕ್ಕೆ ಜಾಗ ಇಲ್ಲ, ಹಾಗಾಗಿ ನಮ್ಮ ಗೇಟ್ ಒಳಗೆ ಹಿಂದೆ ಹಾಕಿ ತಿರುಗಿಸುದು. ಮೊನ್ನೆ ಆದಿತ್ಯವಾರ ಒಂದು ಫ್ಯಾಮಿಲಿ ಇಳಿದಿತ್ತು, ಕೈಯಲ್ಲಿ ಬೊಂಡ. ಆ ಹೆಂಗಸು ನಮ್ಮ ಸಿಟ್‌ಔಟ್ ನೋಡಿ "ಎಷ್ಟು ಚಂದ ವ್ಯೂ ಅಲ್ವಾ ಅಕ್ಕಾ, ರೋಡೆಲ್ಲ ತೊಂದರೆ ಇಲ್ವಾ?" ಕೇಳಿದ್ಳು. ಸೇಲ್ಸ್‌ನ ಹುಡುಗ ಅಲ್ಲೇ ನಿಂತಿದ್ದ. ನಾನು "ಒಮ್ಮೆ ಕಟ್ಟೆ ತನಕ ನಡ್ಕೊಂಡು ಹೋಗಿ ವಾಪಸ್ ಬನ್ನಿ, ಮತ್ತೆ ಕೂತು ಮಾತಾಡುವ, ಚಾ ಇಡ್ತೇನೆ" ಅಂದೆ. ಗಂಡ ಹೆಂಡ್ತಿ ಇಬ್ರೂ ಇಳಿದು ಹೋದ್ರು. ಚಾ ತಣಿದ್ರೂ ಮೇಲೆ ಬರ್ಲಿಲ್ಲ, ಹುಡುಗನ ಫೋನ್ ರಿಂಗ್ ಆಯ್ತು, ಅವನು ನನ್ನನ್ನು ಒಂದು ಸಲ ನೋಡಿ, ಅವರು ಬಿಟ್ಟು ಹೋದ ಬ್ಯಾಗ್ ಹಿಡ್ಕೊಂಡು ಕೆಳಗೆ ಇಳಿದ.